ತೀರ್ಪು ವಕೀಲರ ಮೇಜಿಗೆ ಬಂದ ದಾರಿ

ಪಿತ್ರಾರ್ಜಿತ ಆಸ್ತಿಯಲ್ಲಿ ನನಗೂ ಪಾಲು ಇದೆಯೇ ಎಂದು ಹೆಣ್ಣುಮಗಳೊಬ್ಬಳು ಕರ್ನಾಟಕದ ವಕೀಲರನ್ನು ಕೇಳಿದ್ದಾಳೆ ಎಂದಿಟ್ಟುಕೊಳ್ಳಿ. 1994ರ ಜುಲೈ 30ರಂದು ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಅವಳಿಗೆ ಹುಟ್ಟಿನಿಂದಲೇ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತು. ಆದರೆ ಅದಕ್ಕೂ ಮೊದಲೇ ಮದುವೆಯಾಗಿದ್ದವಳನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಂದು ಬಂದ ಕೇಂದ್ರದ ತಿದ್ದುಪಡಿಯಲ್ಲಿ ಆ ಮದುವೆಯ ಷರತ್ತು ಇರಲಿಲ್ಲ. 2015ರ ಅಕ್ಟೋಬರ್‌ನಲ್ಲಿ, ಕರ್ನಾಟಕದಿಂದಲೇ ಹೋಗಿದ್ದ ಫೂಲವತಿ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಹೊಸದೊಂದು ಷರತ್ತು ಕಂಡಿತು: 2005ರ ಆ ದಿನ ತಂದೆ ಬದುಕಿರಬೇಕು. 2018ರ ಫೆಬ್ರುವರಿಯಲ್ಲಿ, ಅದೂ ನಮ್ಮ ರಾಜ್ಯದ್ದೇ ಆದ ದಾನಮ್ಮ ಪ್ರಕರಣದಲ್ಲಿ, ತಂದೆ 2001ರಲ್ಲೇ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಸಿಕ್ಕಿತು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಗೊಂದಲವನ್ನು ಬಗೆಹರಿಸಿತು. ಹಕ್ಕು ಹುಟ್ಟಿನಿಂದ ಬಂದದ್ದು, ತಂದೆ ಅಂದು ಬದುಕಿದ್ದರೇ ಇಲ್ಲವೇ ಎಂಬುದು ಮುಖ್ಯವಲ್ಲ.

ಒಂದೇ ಪ್ರಶ್ನೆಗೆ ಇಪ್ಪತ್ತಾರು ವರ್ಷಗಳಲ್ಲಿ ಉತ್ತರ ಐದು ಸಲ ಬದಲಾಯಿತು. 2020ರ ಆಗಸ್ಟ್ 12ರ ಬೆಳಿಗ್ಗೆ ಯಾರಾದರೂ ವಕೀಲರು ಹಳೆಯ ತೀರ್ಪನ್ನೇ ನಂಬಿ ‘ನಿಮ್ಮ ತಂದೆ ಮೊದಲೇ ಹೋಗಿಬಿಟ್ಟರಲ್ಲಮ್ಮ, ದಾವೆ ಹಾಕಿ ಪ್ರಯೋಜನವಿಲ್ಲ’ ಎಂದು ಹೇಳಿ ಕಳಿಸಿದ್ದರೆ, ಆ ಹೆಣ್ಣುಮಗಳು ತನ್ನ ಪಾಲಿನ ಎಕರೆಗಳನ್ನು ಬಿಟ್ಟು ಮನೆಗೆ ಹೋಗುತ್ತಿದ್ದಳು. ವಕೀಲರಿಗೆ ಹೊಸ ತೀರ್ಪು ತಲುಪುವುದು ಎಷ್ಟು ದೊಡ್ಡ ವಿಷಯ ಎನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಕಾನೂನು ಗೊತ್ತಿರಲಿಲ್ಲ ಎಂಬ ಸಬೂಬನ್ನು ಯಾವ ನ್ಯಾಯಾಲಯವೂ ಒಪ್ಪುವುದಿಲ್ಲ. ಹಾಗಿದ್ದ ಮೇಲೆ ಕಾನೂನು ಬದಲಾದ ಸುದ್ದಿಯನ್ನು ಜನರಿಗೆ, ಕನಿಷ್ಠ ಜನರ ಪರವಾಗಿ ನಿಲ್ಲುವ ವಕೀಲರಿಗೆ, ತಲುಪಿಸುವ ಹೊಣೆ ಪ್ರಭುತ್ವದ್ದೇ ಆಗಬೇಕಿತ್ತು. ಆದರೆ ಶತಮಾನಗಳ ಕಾಲ ಅದನ್ನು ಹೊತ್ತವರು ಖಾಸಗಿ ಜನ. ಆ ಕಥೆ ಆರಂಭವಾಗುವುದು ಲಂಡನ್ನಿನಲ್ಲಿ.

ಹದಿಮೂರನೆಯ ಶತಮಾನದ ಕೊನೆಯ ಭಾಗದಿಂದ 1535ರವರೆಗೆ ಅಲ್ಲಿನ ನ್ಯಾಯಾಲಯಗಳ ವಾದವನ್ನು ಕಲಿಕೆಯ ಹಂತದಲ್ಲಿದ್ದ ವಕೀಲರು ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ಆಗ ಕೋರ್ಟಿನಲ್ಲಿ ಬಳಕೆಯಲ್ಲಿದ್ದ ಫ್ರೆಂಚ್ ಮಿಶ್ರಿತ ಭಾಷೆಯಲ್ಲಿರುವ ಈ ಬರಹಗಳಿಗೆ ಇಯರ್ ಬುಕ್ಸ್ ಎನ್ನುತ್ತಾರೆ. ವಾದದ ಚಾಕಚಕ್ಯತೆ ಅವುಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಕೇಸು ಯಾರು ಗೆದ್ದರು ಎಂಬುದು ಮಾತ್ರ ಎಷ್ಟೋ ಕಡೆ ಇರುವುದೇ ಇಲ್ಲ. ಆಮೇಲೆ ವರದಿಗಾರರು ತಮ್ಮ ಹೆಸರಿನಲ್ಲೇ ಪುಸ್ತಕ ತರುವ ಕಾಲ ಬಂತು. 1571ರಲ್ಲಿ ಬಂದ ಎಡ್ಮಂಡ್ ಪ್ಲೌಡನ್‌ರ ಸಂಪುಟ, 1600ರಿಂದ ಒಂದರ ಹಿಂದೊಂದು ಬಂದ ಎಡ್ವರ್ಡ್ ಕೋಕ್‌ರ ಸಂಪುಟಗಳು ಅತ್ಯುತ್ತಮ ದರ್ಜೆಯವು.

ಎಲ್ಲರೂ ಹಾಗಿರಲಿಲ್ಲ. ಬರ್ನಾರ್ಡಿಸ್ಟನ್ ಎಂಬ ವರದಿಗಾರ ಕೋರ್ಟಿನಲ್ಲೇ ತೂಕಡಿಸುತ್ತಿದ್ದನಂತೆ, ಪಕ್ಕದಲ್ಲಿದ್ದ ತುಂಟರು ಅವನ ಪುಸ್ತಕದಲ್ಲಿ ಗೀಚಿಟ್ಟದ್ದನ್ನೂ ಅವನು ಮುದ್ರಿಸಿಬಿಟ್ಟನಂತೆ. ಈ ಕಥೆ ಇಂಗ್ಲೆಂಡಿನ ವಕೀಲರಲ್ಲಿ ತಲೆಮಾರುಗಳಿಂದ ಉಳಿದುಬಂದಿದೆ. ಎಸ್ಪಿನಾಸ್ ಎಂಬ ಇನ್ನೊಬ್ಬನಿಗೆ ಕಿವಿ ಮಂದ. ಕೇಸಿನ ಅರ್ಧವನ್ನು ಕೇಳಿಸಿಕೊಂಡು ಉಳಿದರ್ಧವನ್ನು ವರದಿ ಮಾಡುತ್ತಿದ್ದ ಎಂಬ ಮಾತು ಅವನಿಗೆ ಅಂಟಿಕೊಂಡಿತು. ನ್ಯಾಯಾಧೀಶರು ಬಾಯಿಮಾತಿನಲ್ಲೇ ತೀರ್ಪು ಹೇಳಿ ಎದ್ದುಹೋಗುತ್ತಿದ್ದ ಕಾಲ ಅದು. ವರದಿಗಾರ ಏನು ಬರೆದುಕೊಂಡನೋ ಮುಂದಿನ ತಲೆಮಾರಿಗೆ ಅದೇ ಕಾನೂನು. ಒಬ್ಬನ ಕಿವಿ, ಒಬ್ಬನ ನಿದ್ದೆ ಎಷ್ಟು ಜನರ ಆಸ್ತಿಪಾಸ್ತಿಯ ಮೇಲೆ ಪರಿಣಾಮ ಬೀರಿತೋ.

ಇನ್ನೊಂದು ದೋಷ ವಿಳಂಬ. ಎಷ್ಟೋ ವರದಿಗಳು ಬರೆದವನು ಸತ್ತ ಮೇಲೆ ಅಚ್ಚಾದವು. 1785ರಲ್ಲಿ ಡರ್ನ್‌ಫರ್ಡ್ ಮತ್ತು ಈಸ್ಟ್ ಎಂಬಿಬ್ಬರು ಇದನ್ನು ಬದಲಿಸಿದರು. ಅಲ್ಲಿ ವರ್ಷಕ್ಕೆ ನಾಲ್ಕು ಅವಧಿಗಳಲ್ಲಿ ಕೋರ್ಟು ಕೂರುತ್ತಿತ್ತು. ಇವರು ಪ್ರತಿ ಅವಧಿಯ ತೀರ್ಪುಗಳನ್ನು ಆ ಅವಧಿಯ ಬೆನ್ನಿಗೇ ಪ್ರಕಟಿಸತೊಡಗಿದರು. ತೀರ್ಪಿನ ಸುದ್ದಿ ವಕೀಲರಿಗೆ ತಾಜಾ ಇರುವಾಗಲೇ ಸಿಗಬೇಕೆಂಬ ವಿಚಾರ ಬೇರೂರಿದ್ದು ಇಲ್ಲಿಂದ. ಇಂದು ಮೊಬೈಲಿನಲ್ಲಿ ಬರುವ ಅಪ್‌ಡೇಟಿನ ಮೂಲಪುರುಷರು ಇವರೇ ಎನ್ನಬೇಕು.

ಹತ್ತೊಂಬತ್ತನೆಯ ಶತಮಾನದ ನಡುವಿಗೆ ಕಷ್ಟ ತಿರುಗುಮುರುಗಾಯಿತು. ಒಂದೊಂದು ಕೋರ್ಟಿಗೂ ಬೇರೆ ಬೇರೆ ದುಬಾರಿ ಸರಣಿ, ಅವುಗಳಿಗೆ ಪೈಪೋಟಿಯಾಗಿ ಲಾ ಜರ್ನಲ್, ಜೂರಿಸ್ಟ್, ಲಾ ಟೈಮ್ಸ್. ಒಂದೇ ತೀರ್ಪಿಗೆ ಹಲವು ವರದಿ, ಒಂದಕ್ಕೊಂದು ಹೊಂದುತ್ತಿರಲಿಲ್ಲ. ಡಬ್ಲ್ಯು.ಟಿ.ಎಸ್. ಡೇನಿಯಲ್ ಎಂಬ ಹಿರಿಯ ಬ್ಯಾರಿಸ್ಟರ್ 1863ರಲ್ಲಿ ಇದರ ವಿರುದ್ಧ ಪತ್ರ ಬರೆದು ಬೆನ್ನುಬಿದ್ದರು. 1865ರಲ್ಲಿ ವಕೀಲ ಸಮುದಾಯವೇ ಸೇರಿ ಲಾಭದ ಉದ್ದೇಶವಿಲ್ಲದ ಮಂಡಳಿಯೊಂದನ್ನು ಕಟ್ಟಿತು. ಅದೇ ಇಂದಿಗೂ ಇರುವ ಇನ್‌ಕಾರ್ಪೊರೇಟೆಡ್ ಕೌನ್ಸಿಲ್ ಆಫ್ ಲಾ ರಿಪೋರ್ಟಿಂಗ್. ಯಾವ ತೀರ್ಪು ವರದಿಗೆ ಯೋಗ್ಯ? ಹೊಸ ತತ್ವ ಹೇಳುವುದು, ಇದ್ದ ತತ್ವವನ್ನು ಗಣನೀಯವಾಗಿ ಮಾರ್ಪಡಿಸುವುದು, ಸಂಶಯವಿದ್ದುದನ್ನು ಇತ್ಯರ್ಥ ಮಾಡುವುದು, ಇಲ್ಲವೇ ಬೇರೆ ಕಾರಣಕ್ಕೆ ಬೋಧಪ್ರದವಾದದ್ದು. ನಥಾನಿಯಲ್ ಲಿಂಡ್ಲಿ ಹಾಕಿಕೊಟ್ಟ ಈ ಅಳತೆಗೋಲು ಇಂದಿಗೂ ಬಳಕೆಯಲ್ಲಿದೆ. ಎಲ್ಲವನ್ನೂ ಅಚ್ಚು ಹಾಕುವುದಲ್ಲ, ಬೇಕಾದ್ದನ್ನು ಆರಿಸುವುದು ಮುಖ್ಯ ಎಂಬ ವಿವೇಕ ಅದರಲ್ಲಿದೆ.

ಸುಮಾರು ಒಂದು ಶತಮಾನದ ನಂತರ ಈ ಮಂಡಳಿ ಧರ್ಮಾರ್ಥ ಸಂಸ್ಥೆ ಹೌದೇ ಅಲ್ಲವೇ ಎಂಬ ವ್ಯಾಜ್ಯ ಎದ್ದಿತು. ಲಾಭ ಪಡೆಯುವವರು ವಕೀಲರು ತಾನೇ ಎಂಬುದು ತೆರಿಗೆ ಇಲಾಖೆಯ ವಾದ. 1971ರಲ್ಲಿ ಅಪೀಲು ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ನ್ಯಾಯಾಧೀಶರು ಬರೆದು ಕಟ್ಟಿದ ಕಾನೂನನ್ನು ಜನರಿಗೆ ಲಭ್ಯವಾಗಿಸುವುದು ಇಡೀ ಸಮಾಜಕ್ಕೆ ಸಲ್ಲುವ ಉಪಕಾರ, ವಕೀಲರ ಸಂಪಾದನೆ ಅದರ ಉಪಫಲ ಮಾತ್ರ ಎಂದು ತೀರ್ಪಾಯಿತು. ಈ ಇಡೀ ಇತಿಹಾಸದಲ್ಲಿ ನನಗೆ ತುಂಬಾ ಹಿಡಿಸಿದ ತೀರ್ಪು ಇದು.

ಇಂಗ್ಲೆಂಡಿನ ಸಾಲಿಸಿಟರುಗಳ ಕಷ್ಟವನ್ನು ಪ್ರತ್ಯೇಕವಾಗಿ ಹೇಳಬೇಕು. ಕೋರ್ಟಿನಲ್ಲಿ ವಾದಿಸುವ ಬ್ಯಾರಿಸ್ಟರ್ ಒಂದು ವಿಷಯವನ್ನು ಹಿಡಿದು ಕೂರಬಹುದು. ಕಕ್ಷಿದಾರ ಮೊದಲು ಬಾಗಿಲು ತಟ್ಟುವುದು ಸಾಲಿಸಿಟರ್ ಕಚೇರಿಯದು. ಬೆಳಿಗ್ಗೆ ಮನೆ ಖರೀದಿಯ ಪತ್ರ, ಮಧ್ಯಾಹ್ನ ವಿಚ್ಛೇದನ, ಸಂಜೆ ಕೆಲಸದಿಂದ ತೆಗೆದುಹಾಕಿದವನ ಅಳಲು. ನಮ್ಮ ತಾಲ್ಲೂಕು ಕೇಂದ್ರಗಳ ವಕೀಲರ ಸ್ಥಿತಿಯೂ ಇದೇ. ಅಲ್ಲಿನ ಸಾಲಿಸಿಟರುಗಳಿಗಾಗಿಯೇ 1857ರಲ್ಲಿ ಸಾಲಿಸಿಟರ್ಸ್ ಜರ್ನಲ್ ಹುಟ್ಟಿತು. ಆದರೂ ತೀರ್ಪು ವರದಿ ಮಾಡುವ ಅಧಿಕಾರ ಬ್ಯಾರಿಸ್ಟರುಗಳದೇ ಎಂಬ ರೂಢಿ ಬಹುಕಾಲ ಉಳಿದಿತ್ತು. ಸಾಲಿಸಿಟರ್ ಮಾಡಿದ ವರದಿಗೂ ಅಷ್ಟೇ ಮಾನ್ಯತೆ ಸಿಕ್ಕಿದ್ದು 1990ರ ಕಾಯಿದೆಯಿಂದ.

ಓದುವುದನ್ನು ಅವರವರ ಮನಸ್ಸಿಗೆ ಬಿಟ್ಟರೆ ಸಾಲದು ಎಂದು 1985ರಲ್ಲಿ ಅಲ್ಲಿನ ಲಾ ಸೊಸೈಟಿ ಹೊಸ ಸಾಲಿಸಿಟರುಗಳಿಗೆ ನಿರಂತರ ಕಲಿಕೆಯನ್ನು ಕಡ್ಡಾಯ ಮಾಡಿತು. 1998ರಲ್ಲಿ ಅದು ಎಲ್ಲರಿಗೂ ಅನ್ವಯವಾಯಿತು, ವರ್ಷಕ್ಕೆ 16 ಗಂಟೆ. ಗಂಟೆ ಎಣಿಸುವ ಪದ್ಧತಿಯಲ್ಲಿ ಹಾಜರಾತಿ ಸಿಗುತ್ತದೆ, ಕಲಿಕೆ ಸಿಕ್ಕೀತೆಂಬ ಭರವಸೆಯಿಲ್ಲ. 2016ರ ನವೆಂಬರ್‌ನಲ್ಲಿ ಅದನ್ನು ಕೈಬಿಟ್ಟರು. ಈಗ ಪ್ರತಿಯೊಬ್ಬರೂ ತಮ್ಮ ಕೊರತೆ ಏನೆಂದು ತಾವೇ ಗುರುತಿಸಿ, ತುಂಬಿಕೊಂಡು, ವರ್ಷಕ್ಕೊಮ್ಮೆ ಘೋಷಿಸಬೇಕು. ನನ್ನ ಅಭಿಪ್ರಾಯದಲ್ಲಿ ಇದು ಪ್ರಾಮಾಣಿಕರಿಗೆ ಒಳ್ಳೆಯ ಪದ್ಧತಿ, ಸೋಮಾರಿಗಳಿಗೆ ಸುಲಭದ ದಾರಿ.

ನ್ಯಾಯಾಲಯ ಮಾತ್ರ ರಿಯಾಯಿತಿ ತೋರಿಸಿಲ್ಲ. 1999ರಲ್ಲಿ ಕೋಪ್‌ಲ್ಯಾಂಡ್ ಎಂಬ ಪರಿಹಾರದ ಕೇಸಿನಲ್ಲಿ, ಕಾಲಮಿತಿಯ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ತೀರ್ಪು ಆಗಲೇ ಅಚ್ಚಾಗಿದ್ದರೂ ಕೆಳ ನ್ಯಾಯಾಲಯದ ಗಮನಕ್ಕೆ ಅದನ್ನು ಯಾರೂ ತಂದಿರಲಿಲ್ಲ. ತಾನು ಕೆಲಸ ಮಾಡುವ ಕ್ಷೇತ್ರದಲ್ಲಿ ಪ್ರಮುಖ ವರದಿಗಳಲ್ಲಿ ಬಂದದ್ದನ್ನಾದರೂ ವಕೀಲ ತಿಳಿದಿರಲೇಬೇಕು ಎಂದು ಅಪೀಲು ನ್ಯಾಯಾಲಯ ಕಟುವಾಗಿಯೇ ಹೇಳಿತು.

ಭಾರತಕ್ಕೆ ತೀರ್ಪು ವರದಿಯ ಈ ಸಂಘಟಿತ ಪದ್ಧತಿ ಬಂದದ್ದು ಲಂಡನ್ನಿನ ಸುಧಾರಣೆಯಾದ ಹತ್ತು ವರ್ಷಕ್ಕೆ. 1875ರ ಇಂಡಿಯನ್ ಲಾ ರಿಪೋರ್ಟ್ಸ್ ಕಾಯಿದೆಯ ಬೆನ್ನಿಗೆ 1876ರಿಂದ ಕಲ್ಕತ್ತ, ಮದ್ರಾಸ್, ಬೊಂಬಾಯಿ, ಅಲಹಾಬಾದ್ ಸರಣಿಗಳು ಹೊರಬಂದವು. ಅಧಿಕೃತವಲ್ಲದ ವರದಿಯನ್ನು ಕೇಳಲು ಯಾವ ಕೋರ್ಟೂ ಬದ್ಧವಲ್ಲ ಎಂದು ಕಾಯಿದೆ ಹೇಳಿತು. ಅಧಿಕೃತ ಸಂಪುಟದ ವೇಗ ಸಾಲದೆ ಖಾಸಗಿ ಪತ್ರಿಕೆಗಳು ಬೆಳೆದವು. ಮೈಲಾಪುರದ ವಕೀಲರು ಸೇರಿ 1891ರಲ್ಲಿ ಮದ್ರಾಸ್ ಲಾ ಜರ್ನಲ್ ತಂದರು. ನಾಗಪುರದ ಆಲ್ ಇಂಡಿಯಾ ರಿಪೋರ್ಟರ್, ಅಂದರೆ ಎಲ್ಲರ ಬಾಯಲ್ಲಿರುವ ಎಐಆರ್, ಇಡೀ ದೇಶದ ತೀರ್ಪುಗಳನ್ನು ಒಂದೆಡೆ ತಂದಿತು. 1933ರಿಂದ ಆದಾಯ ತೆರಿಗೆಗೇ ಪ್ರತ್ಯೇಕ ಐಟಿಆರ್, 1950ರಿಂದ ಸುಪ್ರೀಂ ಕೋರ್ಟಿನದೇ ಆದ ಎಸ್‌ಸಿಆರ್, 1969ರಿಂದ ಲಖನೌದ ಎಸ್‌ಸಿಸಿ. ಮೈಸೂರು ಲಾ ಜರ್ನಲ್, ಕರ್ನಾಟಕ ಲಾ ಜರ್ನಲ್, ಐಎಲ್‌ಆರ್ ಕರ್ನಾಟಕ ನಮ್ಮ ವಕೀಲರ ಸಂಘಗಳ ಕಪಾಟುಗಳಲ್ಲಿ ಚರ್ಮದ ಬೈಂಡಿನಲ್ಲಿ ಸಾಲಾಗಿ ನಿಂತವು.

ಇಂಥ ಸಂಪುಟದ ಒಂದು ಪುಟ ತೆರೆದರೆ ಮೇಲ್ಭಾಗದಲ್ಲಿ ಪಕ್ಷಕಾರರ ಹೆಸರು, ನ್ಯಾಯಮೂರ್ತಿಗಳ ಹೆಸರು, ದಿನಾಂಕ. ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ ಹೆಡ್‌ನೋಟ್: ಯಾವ ಕಾಯಿದೆ, ಯಾವ ಕಲಂ, ಸಂಗತಿ ಏನು, ಕೋರ್ಟು ಏನೆಂದಿತು. ಆಮೇಲೆ ಅನುಸರಿಸಿದ ತೀರ್ಪು, ಭಿನ್ನವೆಂದು ಬದಿಗಿಟ್ಟ ತೀರ್ಪು, ತಳ್ಳಿಹಾಕಿದ ತೀರ್ಪುಗಳ ಪಟ್ಟಿ. ಅಲ್ಲಿಂದ ಮುಂದೆ ಪೂರ್ತಿ ತೀರ್ಪು. ಕೋರ್ಟು ಕೂರುವ ಮುನ್ನ ಗಡಿಬಿಡಿಯಲ್ಲಿರುವ ಜೂನಿಯರ್ ಓದುವುದು ಬಹುತೇಕ ಆ ಹೆಡ್‌ನೋಟನ್ನೇ. ಅದನ್ನು ಬರೆಯುವವರು ನೂರು ಪುಟದ ತೀರ್ಪನ್ನು ಅರಗಿಸಿಕೊಂಡು, ಒಂದು ಮಾತೂ ಹೆಚ್ಚುಕಡಿಮೆಯಾಗದಂತೆ ಹತ್ತು ಸಾಲಿಗೆ ಇಳಿಸಬೇಕು. 2007ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಈ ಕೆಲಸವನ್ನು ಮೂಲ ತೀರ್ಪಿನಿಂದ ಸರಿಯಾಗಿ ಬೇರ್ಪಡಿಸಿತು. ನ್ಯಾಯಾಲಯದ ಮೂಲ ತೀರ್ಪು ಯಾವ ಪ್ರಕಾಶಕರ ಸ್ವತ್ತೂ ಅಲ್ಲ. ಹೆಡ್‌ನೋಟಿನಂತಹ ಸಂಪಾದಕರ ದುಡಿಮೆಗೆ ಮಾತ್ರ ಹಕ್ಕುಸ್ವಾಮ್ಯ ಸಲ್ಲುತ್ತದೆ.

ಮುಂದಿನದು ವೇಗದ ಕಥೆ. ಲೆಕ್ಸಿಸ್ ಎಂಬ ಗಣಕೀಕೃತ ಹುಡುಕಾಟ ಅಮೆರಿಕದಲ್ಲಿ 1973ರಲ್ಲಿ, ಬ್ರಿಟನ್ನಿನಲ್ಲಿ 1980ರಲ್ಲಿ ಬಂತು. 2008ರಲ್ಲಿ ಶುರುವಾದ ಇಂಡಿಯನ್ ಕಾನೂನ್ ನಮ್ಮಲ್ಲಿ ಪುಕ್ಕಟೆಯಾಗಿ ತೀರ್ಪು ಹುಡುಕುವ ಅಭ್ಯಾಸ ಹುಟ್ಟಿಸಿತು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಇ-ಎಸ್‌ಸಿಆರ್ ಮೂಲಕ ತನ್ನ ವರದಿಗಳನ್ನು ಎಲ್ಲರಿಗೂ ಉಚಿತ ಮಾಡಿತು. ಕರ್ನಾಟಕ ಹೈಕೋರ್ಟಿನ ತೀರ್ಪಿಗೆ ಈಗ ಅದರದೇ ಗುರುತು ಸಂಖ್ಯೆ ಇದೆ: ಬೆಂಗಳೂರಾದರೆ ಕೆಎಚ್‌ಸಿ, ಧಾರವಾಡ ಪೀಠವಾದರೆ ಕೆಎಚ್‌ಸಿ-ಡಿ, ಕಲಬುರಗಿಯಾದರೆ ಕೆಎಚ್‌ಸಿ-ಕೆ. ಮುದ್ರಕರು ಯಾರೇ ಇರಲಿ, ಅದೇ ಸಂಖ್ಯೆಯಿಂದ ತೀರ್ಪು ಸಿಗುತ್ತದೆ.

ಹಿಂದೆ ಸಿಗುವುದೇ ಕಷ್ಟವಿತ್ತು, ಇಂದು ಸಿಕ್ಕಿದ್ದನ್ನು ನಂಬುವುದು ಕಷ್ಟ. 2024ರ ಡಿಸೆಂಬರ್‌ನಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠದ ಆದೇಶವೊಂದರಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳು ಸೇರಿದ್ದು ಬೆಳಕಿಗೆ ಬಂದು, ಆದೇಶವನ್ನೇ ಹಿಂಪಡೆಯಬೇಕಾಯಿತು. 2025ರ ಜೂನ್‌ನಲ್ಲಿ ಲಂಡನ್ನಿನ ಹೈಕೋರ್ಟು, ಕೃತಕ ಬುದ್ಧಿಮತ್ತೆ ಹುಟ್ಟಿಸಿದ ಸುಳ್ಳು ಸೈಟೇಶನ್‌ಗಳನ್ನು ಪರಿಶೀಲಿಸದೆ ಸಲ್ಲಿಸಿದ ವಕೀಲರಿಗೆ ನ್ಯಾಯಾಂಗ ನಿಂದನೆಯ ಎಚ್ಚರಿಕೆ ಕೊಟ್ಟಿತು. ಬರ್ನಾರ್ಡಿಸ್ಟನ್‌ನ ಪುಸ್ತಕದಲ್ಲಿ ಗೀಚಿದವರು ಪಕ್ಕದಲ್ಲೇ ಇದ್ದ ಮನುಷ್ಯರು. ಈಗ ಗೀಚುವುದು ಯಂತ್ರ, ಅದೂ ಪೀಠದ ಹೆಸರು, ಸಂಪುಟ, ಪುಟ ಸಂಖ್ಯೆ ಸಮೇತ.

ಇದರ ನಡುವೆ 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕೊಲೆಗೆ 302 ಎಂದು ಬಾಯಿಪಾಠವಾಗಿದ್ದವರು 103 ಎನ್ನಬೇಕು, ವಂಚನೆಗೆ 420 ಹೋಗಿ 318 ಬಂದಿದೆ. 511 ಕಲಂಗಳ ದಂಡ ಸಂಹಿತೆ 358ಕ್ಕೆ ಇಳಿದಿದೆ. ಹಳೆಯ ಅಪರಾಧಕ್ಕೆ ಹಳೆಯ ಕಲಂ, ಹೊಸದಕ್ಕೆ ಹೊಸದು, ಎರಡೂ ಒಂದೇ ಕೋರ್ಟು ಹಾಲಿನಲ್ಲಿ ಇನ್ನೂ ಎಷ್ಟೋ ವರ್ಷ ನಡೆಯಲಿವೆ. ಇಷ್ಟಾದರೂ ವಕೀಲರಿಗೆ ವರ್ಷಕ್ಕಿಷ್ಟು ಕಲಿಯಲೇಬೇಕೆಂಬ ಕಡ್ಡಾಯ ನಮ್ಮ ದೇಶದಾದ್ಯಂತ ಇಲ್ಲ. ಬೆಂಗಳೂರಿನ ದೊಡ್ಡ ಕಚೇರಿಗಳಿಗೆ ದುಬಾರಿ ಡೇಟಾಬೇಸ್ ಇದೆ, ಓದಿ ಹೇಳಲು ಜೂನಿಯರುಗಳಿದ್ದಾರೆ. ಸಾಕ್ಷಿ ವಿಚಾರಣೆ ಕನ್ನಡದಲ್ಲೇ ನಡೆಯುವ ತಾಲ್ಲೂಕು ಕೋರ್ಟಿನ ವಕೀಲರಿಗೆ ಇರುವುದು ಸಂಘದ ಕಪಾಟು ಮತ್ತು ವಾಟ್ಸಾಪ್‌ನಲ್ಲಿ ಬಂದ ಪಿಡಿಎಫ್.

ರಾಜ್ಯ ವಕೀಲರ ಪರಿಷತ್ತು ಮತ್ತು ಜಿಲ್ಲಾ ವಕೀಲರ ಸಂಘಗಳು ಸೇರಿ, ವಾರದ ಮುಖ್ಯ ತೀರ್ಪುಗಳ ಸಾರವನ್ನು ನುರಿತ ವಕೀಲರಿಂದ ಕನ್ನಡದಲ್ಲಿ ಬರೆಸಿ, ಮೂಲದ ಗುರುತು ಸಂಖ್ಯೆಯೊಂದಿಗೆ ಪ್ರತಿ ತಾಲ್ಲೂಕಿನ ಸಂಘಕ್ಕೂ ಪುಕ್ಕಟೆಯಾಗಿ ತಲುಪಿಸಲಿ. 1865ರಲ್ಲಿ ಲಂಡನ್ನಿನ ವಕೀಲರು ತಾವೇ ಸೇರಿ ಮಾಡಿದ ಕೆಲಸವನ್ನು ಇಂದು ಇಲ್ಲಿನವರು ಮಾಡಬಲ್ಲರು. ಓದುಗರಿಗೂ ಒಂದು ಮಾತು: ನಿಮ್ಮ ಕೇಸಿಗೆ ಆಧಾರವಾಗಿ ವಕೀಲರು ಹೇಳಿದ ತೀರ್ಪಿನ ಸಂಖ್ಯೆಯನ್ನು ಬರೆದುಕೊಳ್ಳಿ, ಅದರ ನಂತರ ಬೇರೆ ತೀರ್ಪು ಬಂದಿದೆಯೇ ಎಂದು ಸಂಕೋಚವಿಲ್ಲದೆ ಕೇಳಿ.