ಲಾಕ್ ಸಿಕ್ಕ ಮೇಲೂ ಮತ್ತೊಮ್ಮೆ ನೋಡಿ

ರೇಸ್ ಕಂಡಿಷನ್ ಎಂದರೇನು ಎಂದು ಇಂಟರ್‌ವ್ಯೂನಲ್ಲಿ ಕೇಳಿದರೆ ನಾವು ಬಿಇ ವಿದ್ಯಾರ್ಥಿಗಳು ಥಟ್ಟನೆ ಹೇಳುವ ಉತ್ತರ ಒಂದೇ: ಎರಡು ಥ್ರೆಡ್, ಒಂದು ಕೌಂಟರ್, ಪರಿಹಾರಕ್ಕೊಂದು ಲಾಕ್. ಇದು ತಪ್ಪಲ್ಲ, ಆದರೆ ಅರ್ಧ ಉತ್ತರ. ಉಳಿದರ್ಧ ನನಗೆ ಸಿಕ್ಕಿದ್ದು ಕೆವಿಎಂ ಕೋಡ್ ಓದುವಾಗ.

ಕೆವಿಎಂ ಒಂದು ಹೈಪರ್‌ವೈಸರ್. ಒಂದೇ ಯಂತ್ರದಲ್ಲಿ ಹಲವು ವರ್ಚುವಲ್ ಕಂಪ್ಯೂಟರ್‌ಗಳನ್ನು ನಡೆಸುವ ಈ ತಂತ್ರಾಂಶ 2007ರಲ್ಲಿ ಲಿನಕ್ಸ್ 2.6.20 ಆವೃತ್ತಿಯೊಂದಿಗೆ ಕರ್ನಲ್ ಸೇರಿತು. ಕ್ಲೌಡ್ ಸೇವೆಗಳು ನಿಂತಿರುವುದೇ ಇಂಥ ಹೈಪರ್‌ವೈಸರ್‌ಗಳ ಮೇಲೆ. ಒಳಗಿನ ಪ್ರತಿ ಕಂಪ್ಯೂಟರ್, ಅಂದರೆ 'ಗೆಸ್ಟ್', ಮೆಮೊರಿ ತನ್ನದೇ ಎಂದುಕೊಂಡಿರುತ್ತದೆ. ನಿಜಕ್ಕೂ ಅದು ಹೊರಗಿನ 'ಹೋಸ್ಟ್'ನದು. ಗೆಸ್ಟ್‌ನ ಯಾವ ಪೇಜ್ ಹೋಸ್ಟ್‌ನಲ್ಲಿ ಎಲ್ಲಿದೆ ಎಂಬ ಪಟ್ಟಿ ಕೆವಿಎಂ ಕೈಯಲ್ಲಿರುತ್ತದೆ.

ಗೆಸ್ಟ್ ಹೊಸ ಪೇಜ್ ಮುಟ್ಟಿದಾಗ ಕೆವಿಎಂ ಅದನ್ನು ಹೋಸ್ಟ್‌ನಲ್ಲಿ ಹುಡುಕಬೇಕು. ಅದು ಡಿಸ್ಕ್‌ಗೆ ಸ್ವಾಪ್ ಆಗಿದ್ದರೆ ಬರುವವರೆಗೂ ಕಾಯಬೇಕು. ಕಾಯುವಷ್ಟು ಹೊತ್ತೂ ಪಟ್ಟಿಯ ಲಾಕ್ ಹಿಡಿದು ಕೂರುವಂತಿಲ್ಲ. ಹಾಗಾಗಿ ಹುಡುಕಾಟ ಮೊದಲು, ಲಾಕ್ ಆಮೇಲೆ. ಈ ನಡುವಿನ ಗಳಿಗೆಯಲ್ಲೇ ಅಪಾಯ. ಇನ್ನೊಂದು ಸಿಪಿಯುನಲ್ಲಿ ಹೋಸ್ಟ್ ಅದೇ ಪೇಜನ್ನು ಹಿಂಪಡೆದು ಬೇರೆ ಗೆಸ್ಟ್‌ಗೆ ಕೊಟ್ಟುಬಿಡಬಹುದು. ಹಳೆಯ ವಿಳಾಸವನ್ನೇ ಪಟ್ಟಿಗೆ ಬರೆದರೆ ಒಬ್ಬರ ಡೇಟಾ ಇನ್ನೊಬ್ಬರ ಕೈಗೆ! ಲಾಕ್ ಇದ್ದೂ ಪ್ರಯೋಜನವಿಲ್ಲ.

ಕೆವಿಎಂ ಕಂಡುಕೊಂಡ ದಾರಿ ಸರಳ. ಹೋಸ್ಟ್ ಪೇಜ್ ಹಿಂಪಡೆಯುವಾಗಲೆಲ್ಲ 'ಎಂಎಂಯು ನೋಟಿಫೈಯರ್' ಮೂಲಕ ತಿಳಿಸುತ್ತದೆ, ಒಂದು ಸಂಖ್ಯೆ ಏರುತ್ತದೆ. ಕೆವಿಎಂ ಹುಡುಕುವ ಮೊದಲು ಆ ಸಂಖ್ಯೆಯನ್ನು ಗುರುತು ಹಾಕಿಕೊಳ್ಳುತ್ತದೆ. ಲಾಕ್ ಸಿಕ್ಕ ಮೇಲೆ ಮತ್ತೆ ನೋಡುತ್ತದೆ. ಸಂಖ್ಯೆ ಬದಲಾಗಿಲ್ಲ, ಹಿಂಪಡೆಯುವ ಕೆಲಸವೂ ನಡೆಯುತ್ತಿಲ್ಲ ಎಂದಾದರೆ ಮಾತ್ರ ಬರೆಯುತ್ತದೆ. ಇಲ್ಲವಾದರೆ ಸಿಕ್ಕಿದ್ದನ್ನು ಬಿಟ್ಟು ಮೊದಲಿನಿಂದ ಶುರು.

ಗೆಸ್ಟ್ ಬೇಕೆಂದೇ ಆಟವಾಡುವುದೂ ಉಂಟು. 2015ರಲ್ಲಿ ಝೆನ್ ಹೈಪರ್‌ವೈಸರ್ ಬಳಸುವ ಕೆಲವು ಡ್ರೈವರ್‌ಗಳಲ್ಲಿ ಇಂಥ ದೋಷ ಬಯಲಾಯಿತು. ಗೆಸ್ಟ್ ಜೊತೆ ಹಂಚಿಕೊಂಡ ಮೆಮೊರಿಯನ್ನು ಒಮ್ಮೆ ಮಾತ್ರ ಓದುವಂತೆ ಕಾಣುತ್ತಿದ್ದ ಕೋಡನ್ನು ಕಂಪೈಲರ್ ಎರಡು ಬಾರಿ ಓದುವಂತೆ ಮಾಡಬಹುದಿತ್ತು. ಪರೀಕ್ಷಿಸಿದ್ದು ಮೊದಲ ಬೆಲೆ, ಬಳಸಿದ್ದು ಎರಡನೆಯದು. ನಡುವೆ ಗೆಸ್ಟ್ ಅದನ್ನು ಬದಲಿಸಿದರೆ ಮುಗಿಯಿತು. ಮದ್ದು: ಮೊದಲು ನಮ್ಮದೇ ಮೆಮೊರಿಗೆ ಒಂದು ಪ್ರತಿ ಮಾಡಿಕೊಳ್ಳಬೇಕು. ಪರೀಕ್ಷಿಸುವುದೂ ಬಳಸುವುದೂ ಆ ಪ್ರತಿಯನ್ನೇ.

ಇದು ಕರ್ನಲ್ ಬರೆಯುವವರ ತಲೆನೋವು, ನಮಗೇಕೆ ಅನ್ನಬೇಡಿ. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಬಸ್ ಟಿಕೆಟ್ ಬುಕಿಂಗ್ ಆ್ಯಪ್ ಮಾಡುತ್ತೀರಿ ಎಂದುಕೊಳ್ಳಿ. ಸೀಟು ಖಾಲಿ ಇದೆಯೇ ಎಂದು ನೋಡುತ್ತೀರಿ, ಪ್ರಯಾಣಿಕರು ಹಣ ಕಟ್ಟುತ್ತಾರೆ, ಆಮೇಲೆ ಸೀಟು ಕೊಡುತ್ತೀರಿ. ಹಣ ಕಟ್ಟುವವರೆಗೂ ಇಡೀ ಟೇಬಲ್ ಲಾಕ್ ಮಾಡಲಾಗದು. ಹಾಗಾಗಿ ಪ್ರತಿ ಸಾಲಿಗೂ ಒಂದು ವರ್ಷನ್ ಸಂಖ್ಯೆ ಇಡಿ. ಮೊದಲು ಕಂಡ ಸಂಖ್ಯೆ ಈಗಲೂ ಹಾಗೇ ಇದ್ದರೆ ಮಾತ್ರ ಅಪ್‌ಡೇಟ್ ಮಾಡಿ. ಕೆವಿಎಂ ಮಾಡುವುದೂ ಇದನ್ನೇ.

ಸಿ, ಸಿ ಪ್ಲಸ್ ಪ್ಲಸ್ ಬರೆಯುವವರಿಗೆ ಜಿಸಿಸಿ, ಕ್ಲ್ಯಾಂಗ್‌ಗಳಲ್ಲಿ ಥ್ರೆಡ್ ಸ್ಯಾನಿಟೈಸರ್ ಉಚಿತವಾಗಿಯೇ ಇದೆ. ಆದರೆ ಅದು ಹಿಡಿಯುವುದು ಓಡಿದ ಕೋಡಿನಲ್ಲಿನ ರೇಸ್‌ಗಳನ್ನು ಮಾತ್ರ. ಉಳಿದದ್ದನ್ನು ನಾವೇ ಕೇಳಿಕೊಳ್ಳಬೇಕು: ಆಗ ನೋಡಿದ್ದು ಈಗಲೂ ನಿಜವೇ? ಮುಂದಿನ ಇಂಟರ್‌ವ್ಯೂನಲ್ಲಿ ಲಾಕ್ ಜೊತೆಗೆ ಈ ಪ್ರಶ್ನೆಯನ್ನೂ ಸೇರಿಸಿ ಹೇಳಿ.