ಯಳಂದೂರಿನ ಸಂಚಿ, ಶ್ರೀರಂಗಪಟ್ಟಣದ ಕಾವ್ಯ

ಹೊರನಾಡಿನ ನಮ್ಮ ಕನ್ನಡ ಕೂಟದ ಮಟ್ಟಿಗೆ ಚಾಮರಾಜನಗರ ಸೀಮೆ ಎಂದರೆ ಕಂಸಾಳೆ. ಬೀಸು ಕಂಸಾಳೆ ಶುರುವಾದರೆ ಹಿಂದಿನ ಸಾಲಿನಲ್ಲಿ ಸೈಟು, ಶಾಲೆ ಎಂದು ಹರಟುತ್ತಿದ್ದವರೂ ವೇದಿಕೆಯತ್ತ ತಿರುಗುತ್ತಾರೆ. ‘ಸೋಜುಗಾದ ಸೂಜುಮಲ್ಲಿಗೆ’ಯಂತೂ ಇಲ್ಲೇ ಹುಟ್ಟಿದ ಮಕ್ಕಳಿಗೂ ಬಾಯಿಪಾಠ. ಒಳ್ಳೆಯದೇ. ಆದರೆ ಅದೇ ಸೀಮೆಯ ಒಬ್ಬ ಹೆಂಗಸು ಬರೆದ, ಡೋಲು ತಮಟೆಗಳ ಹಂಗಿಲ್ಲದೆ ಕೂತಲ್ಲೇ ಹಾಡಬಹುದಾದ ಕಾವ್ಯವೊಂದಿದೆ. ನಮ್ಮ ಕಾರ್ಯಕ್ರಮಗಳ ಪಟ್ಟಿಗೆ ಅದಿನ್ನೂ ಬಂದಿಲ್ಲ. ಸಂಚಿ ಹೊನ್ನಮ್ಮನ ‘ಹದಿಬದೆಯ ಧರ್ಮ’ದ ಮಾತು ಹೇಳುತ್ತಿದ್ದೇನೆ.

ಹೊನ್ನಮ್ಮ ಯಳಂದೂರಿನವಳು. ಮೈಸೂರಿನ ಚಿಕ್ಕದೇವರಾಜ ಒಡೆಯರು ಶ್ರೀರಂಗಪಟ್ಟಣದಿಂದ ಆಳಿದ ಕಾಲದಲ್ಲಿ, ಅಂದರೆ 1673ರಿಂದ 1704ರ ನಡುವೆ, ಅರಮನೆಯಲ್ಲಿ ಸಂಚಿಯ ಊಡಿಗ ಮಾಡಿಕೊಂಡಿದ್ದಳು. ಪಟ್ಟದರಸಿ ದೇವಾಜಮ್ಮಣ್ಣಿಯೂ ಯಳಂದೂರಿನ ಮಗಳೇ. ಅರಸಿಯ ಜೊತೆಗೇ ಈಕೆಯೂ ಅರಮನೆ ಸೇರಿದಳೆಂದು ಹೇಳುತ್ತಾ ಬಂದಿದ್ದಾರೆ.

ಸಂಚಿಯ ಕೆಲಸ ಸಣ್ಣದೆಂದು ಯಾರೂ ಎಣಿಸಬಾರದು. ನಮ್ಮ ಕಡೆಯ ಮುದುಕಿಯರು ಸೊಂಟದ ಸಂಚಿ ಬಿಚ್ಚಿ ಎಲೆಯಡಿಕೆ ಹಾಕಿಕೊಳ್ಳುವುದನ್ನು ನೋಡಿದವರಿಗೆ ಅದರ ನಾಜೂಕು ಗೊತ್ತು. ಎಲೆಯನ್ನು ಎರಡೂ ಮಗ್ಗುಲು ಒರೆಸಿ, ತೊಟ್ಟು ಮುರಿದು, ಬೆನ್ನಿನ ನಾರನ್ನು ಉಗುರಿನಿಂದ ಬಿಡಿಸಬೇಕು. ಬೆರಳ ತುದಿಯಲ್ಲಿ ಸುಣ್ಣ ತೆಗೆದು ತೆಳ್ಳಗೆ ಸವರಬೇಕು. ಒಂದಿಷ್ಟು ಹೆಚ್ಚಾದರೂ ನಾಲಗೆ ಸುಟ್ಟೀತು. ಆಮೇಲೆ ಅಡಿಕೆ ಚೂರು, ಏಲಕ್ಕಿ, ಲವಂಗ, ಒಂದು ಮಡಿಕೆ. ಮಾತಿಗೆ ಕೂತವರ ಪಕ್ಕದಲ್ಲೇ ಕೂತು ಮಾಡುವ ಕೆಲಸವಿದು. ಕೈ ಆಡುತ್ತಿದ್ದರೂ ಕಿವಿ ಬಿಡುವಾಗಿರುತ್ತದೆ. ಅದೂ ಎಂಥವರ ಮಾತು! ತಿರುಮಲಾರ್ಯ, ಚಿಕುಪಾಧ್ಯಾಯ, ಸಿಂಗರಾರ್ಯರಂಥ ಕವಿಗಳಿದ್ದ ಆಸ್ಥಾನ. ಕನ್ನಡದಲ್ಲಿ ಸಿಕ್ಕಿರುವ ಮೊದಲ ನಾಟಕ ‘ಮಿತ್ರವಿಂದಾ ಗೋವಿಂದ’ ಸಿಂಗರಾರ್ಯನದು. ಹೊನ್ನಮ್ಮ ತನ್ನ ಗುರುವೆಂದು ನೆನೆಯುವ ಅಳಸಿಂಗರಾರ್ಯ ಈತನೇ ಎನ್ನುತ್ತಾರೆ. ಊಡಿಗದ ಹೆಣ್ಣಿನ ಕವಿತಾಶಕ್ತಿಯನ್ನು ಗುರು ಮೆಚ್ಚಿದ, ಅರಸನ ಕಿವಿಗೂ ಅದು ಬಿತ್ತು, ಅರಸಿ ಹೇಳಿ ಬರೆಸಿದಳು. ಒಂಬತ್ತು ಸಂಧಿಗಳ ಕಾವ್ಯ ಹುಟ್ಟಿದ್ದು ಹೀಗೆ.

ಈ ಕಥೆಯಲ್ಲಿ ಗುಂಡ್ಲುಪೇಟೆಗೂ ಪಾಲಿದೆ. ಪಟ್ಟಕ್ಕೆ ಬರುವ ಮುಂಚೆ ಚಿಕ್ಕದೇವರಾಜರು ಇದ್ದದ್ದು ಗುಂಡ್ಲುಪೇಟೆ ಬಳಿಯ ಹಂಗಳದಲ್ಲಿ. ಆಗ ಜೊತೆಗಿದ್ದ ವಿಶಾಲಾಕ್ಷ ಪಂಡಿತ ಯಳಂದೂರಿನ ಜೈನ, ಮುಂದೆ ಮಂತ್ರಿಯಾದ. ಚಿಕುಪಾಧ್ಯಾಯನ ಊರು ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿ. ಅರಸನ ತಂದೆ ತೀರಿಕೊಂಡದ್ದು ಗುಂಡ್ಲುಪೇಟೆಯಲ್ಲಿ. ಅವರ ನೆನಪಿಗೆ ಕಟ್ಟಿಸಿದ ಪರವಾಸುದೇವ ದೇವಾಲಯ ಅಲ್ಲಿದೆ. ರಜೆಗೆ ಹೋದಾಗ ಊಟಿ ದಾರಿಯಲ್ಲಿ ಸೂರ್ಯಕಾಂತಿ ಹೊಲ ಕಂಡೊಡನೆ ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುವ ನಮ್ಮವರು ಹಂಗಳವನ್ನು ಹಾಯ್ದೇ ಬಂಡೀಪುರಕ್ಕೆ ಹೋಗುತ್ತಾರೆ. ಒಂದು ಕನ್ನಡ ಆಸ್ಥಾನದ ಅರ್ಧ ಭಾಗ ಈ ರಸ್ತೆಯ ಆಸುಪಾಸಿನಿಂದಲೇ ಎದ್ದು ಬಂದದ್ದು ಎಂದು ಯಾರೂ ಅವರಿಗೆ ಹೇಳಿಲ್ಲ.

ಯಳಂದೂರೂ ಆಗ ಬರಡು ಊರಲ್ಲ. ‘ರಾಜಶೇಖರ ವಿಲಾಸ’ದ ಷಡಕ್ಷರದೇವ ಅಲ್ಲಿಯ ಮಠದಲ್ಲಿದ್ದವನು. ಗೌರೀಶ್ವರ ದೇವಾಲಯದ ಬಳೆ ಮಂಟಪ ಎದ್ದದ್ದೂ ಆ ಶತಮಾನದಲ್ಲೇ. ಮಂಟಪದ ಮೂಲೆಗಳಿಂದ ಇಳಿಬಿಟ್ಟ ಕಲ್ಲಿನ ಬಳೆಗಳ ಸರಪಳಿಯನ್ನು ಕತ್ತೆತ್ತಿ ನೋಡಿಯೇ ನಂಬಬೇಕು.

ಹೊನ್ನಮ್ಮ ಆರಿಸಿಕೊಂಡದ್ದು ಷಡಕ್ಷರದೇವನ ಬಿಗುವಿನ ಚಂಪುವನ್ನಲ್ಲ, ಸಾಂಗತ್ಯವನ್ನು. ನಾಲ್ಕು ಸಾಲಿನ ಪದ್ಯ; ಒಂದು ಮತ್ತು ಮೂರನೆಯ ಸಾಲು ಉದ್ದ, ಎರಡು ಮತ್ತು ನಾಲ್ಕನೆಯದು ಗಿಡ್ಡ. ಅಂಶಗಣದ ಲಯವಾದ್ದರಿಂದ ಹಾಡುವವರು ಬೇಕಾದಲ್ಲಿ ಎಳೆಯಬಹುದು, ಬೇಕಾದಲ್ಲಿ ಹಿಡಿಯಬಹುದು. ರತ್ನಾಕರವರ್ಣಿಯ ‘ಭರತೇಶ ವೈಭವ’ವೂ ಈ ಧಾಟಿಯದೇ. ಓದಲು ಬಾರದವರ ಕಿವಿಗೂ ನೇರ ಹೋಗುವ ಛಂದಸ್ಸು ಇದು.

ಇನ್ನು ಕಾವ್ಯದ ಒಳಗೆ ಏನಿದೆ? ಹೆಸರೇ ಹೇಳುವಂತೆ ಪತಿವ್ರತೆಯ ನಡತೆಯ ಪಾಠ. ಗಂಡನನ್ನು, ಅತ್ತೆ ಮಾವಂದಿರನ್ನು ಹೇಗೆ ಕಾಣಬೇಕು ಎಂಬ ಬುದ್ಧಿಮಾತನ್ನು ಇಂದಿನ ಹೆಣ್ಣುಮಕ್ಕಳ ಮುಂದೆ ಹಾಡಿದರೆ ಅವರು ಎದ್ದು ಹೋದಾರು. ಹೋಗುವುದು ತಪ್ಪೂ ಅಲ್ಲ. ಆದರೆ ಆ ಪಾಠದ ನಡುವೆಯೇ ಹೊನ್ನಮ್ಮ ಇದ್ದಕ್ಕಿದ್ದಂತೆ ದನಿ ಏರಿಸುತ್ತಾಳೆ. ಹೆಣ್ಣು ಹೆಣ್ಣೆಂದು ಹಳಿಯುವವರನ್ನು ಹೆತ್ತವಳು ಯಾರು, ಸಾಕಿದವಳು ಯಾರು ಎಂದು ಕೇಳಿ, ಅಂಥವರನ್ನು ಕಣ್ಣಿಲ್ಲದ ದಡ್ಡರೆಂದು ಬೈಯುತ್ತಾಳೆ. ಮಗ ಹುಟ್ಟಿದರೆ ಏನು ಹೆಚ್ಚು, ಮಗಳು ಹುಟ್ಟಿದರೆ ಏನು ಕಡಿಮೆ ಎಂದೂ ಕೇಳುತ್ತಾಳೆ. ಇದು ಅರಮನೆಯಲ್ಲಿ, ಅರಸನ ಆಸ್ಥಾನದಲ್ಲಿ, ಎಲೆ ಮಡಿಸಿ ಕೊಡುವವಳೊಬ್ಬಳು ಆಡಿದ ಮಾತು. ಗೆಳತಿಯಂಥ ಅರಸಿಯೊಬ್ಬಳು ಬೆನ್ನಿಗಿರದಿದ್ದರೆ ಇಷ್ಟು ನೆಟ್ಟಗೆ ಬರುತ್ತಿತ್ತೇ ಎಂಬುದು ನನ್ನ ಗುಮಾನಿ. ಆ ಕಾಲದ್ದೇ ಶೃಂಗಾರಮ್ಮನ ‘ಪದ್ಮಿನೀ ಕಲ್ಯಾಣ’ವೂ ಇದೆ, ಆದರೆ ಈ ಖಾರ ಹೊನ್ನಮ್ಮನದೇ.

ಕರ್ನಾಟಕ ಸರ್ಕಾರ ಹೆಣ್ಣುಮಕ್ಕಳ ವಿದ್ಯಾರ್ಥಿವೇತನವೊಂದಕ್ಕೆ ಆಕೆಯ ಹೆಸರಿಟ್ಟಿದೆ. ಅರ್ಜಿ ತುಂಬಿದವರೆಲ್ಲ ಆಕೆಯ ಒಂದು ಪದ್ಯವನ್ನಾದರೂ ಕೇಳಿರುತ್ತಾರೆಂಬ ಭರವಸೆ ನನಗಿಲ್ಲ.

ನಮ್ಮ ಕೂಟದಲ್ಲಿ ಅದನ್ನು ಕೇಳಿಸುವುದಕ್ಕೆ ಖರ್ಚೇನೂ ಇಲ್ಲ. ಕಾವ್ಯವನ್ನು ರಾಗವಾಗಿ ಓದುವ ಗಮಕಕ್ಕೆ ಬೇಕಾದದ್ದು ಇಬ್ಬರು: ಒಬ್ಬರು ವಾಚನಕ್ಕೆ, ಒಬ್ಬರು ವ್ಯಾಖ್ಯಾನಕ್ಕೆ. ತಾಳವಿಲ್ಲ, ಪಕ್ಕವಾದ್ಯ ಕಡ್ಡಾಯವಲ್ಲ. ಶ್ರುತಿಗೆ ಮೊಬೈಲು ಸಾಕು. ಸಂಗೀತ ಪಾಠಕ್ಕೆ ಹೋಗುವ ಹುಡುಗಿಯರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅರ್ಥ ಹೇಳುವುದಕ್ಕೆ, ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದು ಊರಿನಿಂದ ಬಂದು ಚಳಿಗಾಲವಿಡೀ ಕಿಟಕಿ ಪಕ್ಕ ಕೂರುವ ಅಜ್ಜಿಯರಲ್ಲಿ ಒಬ್ಬರನ್ನು ಕರೆಯೋಣ. ನಿವೃತ್ತ ಕನ್ನಡ ಮೇಡಂಗಳೂ ಅವರಲ್ಲಿದ್ದಾರೆ. ಒಂದೇ ಷರತ್ತು: ನಮಗೆ ಹಿತವಾದ ಪದ್ಯಗಳನ್ನಷ್ಟೇ ಹೆಕ್ಕಿ ಹಾಡಿಸಬಾರದು. ಗಂಡನೇ ದೇವರೆನ್ನುವ ಸಂಧಿಯೂ ಬರಲಿ. ಹುಡುಗಿ ಅದನ್ನು ಹಾಡಿ ಮುಗಿಸಿ ‘ಇದನ್ನು ನಾನು ಒಪ್ಪಲ್ಲ ಅಜ್ಜಿ’ ಎಂದರೆ, ಅಜ್ಜಿ ಏನು ಉತ್ತರ ಕೊಡುತ್ತಾರೋ ಕೇಳುವ ಆಸೆ ನನಗಂತೂ ಇದೆ. ರಾಜ್ಯೋತ್ಸವದ ಸಂಜೆ ಮುಕ್ಕಾಲು ಗಂಟೆ ಬಿಟ್ಟುಕೊಡಿ ಎಂದು ಸಮಿತಿಯವರನ್ನು ಆಗಲೇ ಕೇಳಿದ್ದೇನೆ.