ಕರಡಿಗೊಂದು ಬೆಚ್ಚನೆ ಪ್ಯಾಂಟು

ಎರಡು ವರ್ಷದ ಹಿಂದಿನ ಡಿಸೆಂಬರ್. ಮೊಮ್ಮಗನ ಶಾಲೆಯ ವಾರ್ಷಿಕೋತ್ಸವ. ಬಾಡಿಗೆಗೆ ತಂದ ಕರಡಿ ವೇಷದ ನೈಲಾನ್ ಪ್ಯಾಂಟು ಸೊಂಟ ಕಚ್ಚುತ್ತಿತ್ತು, ತೊಡೆ ತುರಿಸುತ್ತಿತ್ತು. ಚಳಿಯನ್ನೂ ತಡೆಯುತ್ತಿರಲಿಲ್ಲ. ಅವನ ಸರದಿ ಬರುವ ಮೊದಲೇ ಅಳುತ್ತಾ ಬಂದು ನನ್ನ ತೊಡೆಯೇರಿದ. "ತಾತ, ಇನ್ಯಾವತ್ತೂ ನಾನು ವೇಷ ಹಾಕಲ್ಲ" ಎಂದ.

ಮರುವರ್ಷ ಟೀಚರ್ ಮತ್ತೆ ಕರಡಿ ಪಾತ್ರವನ್ನೇ ಕೊಟ್ಟರು. ಹುಡುಗ ಒಪ್ಪಲಿಲ್ಲ. "ಪ್ಯಾಂಟು ನಾನೇ ಹೊಲಿದುಕೊಡ್ತೀನಿ. ಒಂದು ರಾತ್ರಿ ಹಾಕ್ಕೊಂಡು ಮಲಗು. ಚುಚ್ಚಿದರೆ ವೇಷ ಬೇಡ" ಎಂದೆ. ಒಪ್ಪಿದ.

ನಾನು ಬ್ಯಾಂಕಿನ ಗುಮಾಸ್ತನಾಗಿದ್ದವನು. ಟೇಪು ಹಿಡಿದು, ಅಳತೆಗೆ ಒಂದು ನೂಲೂ ಹೆಚ್ಚಿಲ್ಲದಂತೆ ಹಳೆಯ ಪಂಚೆಯಲ್ಲಿ ಒಂದನ್ನು ಹೊಲಿದು ನೋಡಿದೆ. ಹುಡುಗ ಕರಡಿಯಂತೆ ಕುಕ್ಕರಗಾಲಲ್ಲಿ ಕೂತ; ಹಿಂಬದಿ ಪರ್ರೆಂದು ಹರಿಯಿತು! ನನ್ನಾಕೆ ನಕ್ಕು, "ಲೆಡ್ಜರ್ ಪೈಸೆಗೆ ಪೈಸೆ ತಾಳೆಯಾಗಬೇಕು ಸರಿ. ಬಟ್ಟೆ ಹಾಗಲ್ಲ ರೀ, ಕೂರೋಕೆ ಏಳೋಕೆ ಜಾಗ ಬಿಡಬೇಕು" ಎಂದಳು.

ಎರಡನೇ ಸಲ ಅವಳು ಹೇಳಿದಂತೆ ಮಾಡಿದೆ. ಕಪ್ಪು ಹತ್ತಿ ಫ್ಲಾನೆಲ್ ಎರಡು ಮೀಟರ್ ತಂದೆವು. ಅದರ ಮೇಲಿನ ನವಿರು ಎಳೆಗಳು ಗಾಳಿಯನ್ನು ಹಿಡಿದಿಡುವುದರಿಂದ ಮೈ ಬೆಚ್ಚಗಿರುತ್ತದೆ. ಈ ಬಟ್ಟೆ ಒಗೆದರೆ ಕುಗ್ಗುತ್ತದೆ. ಆದ್ದರಿಂದ ಮೊದಲೇ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿದೆವು.

ಅವನ ಸಡಿಲವಾದ ಪೈಜಾಮವನ್ನು ಕಾಲಿನ ಮೇಲೆ ಕಾಲು ಬರುವಂತೆ ಮಡಿಸಿ ಹಳೆಯ ಪತ್ರಿಕೆಯ ಮೇಲಿಟ್ಟೆ. ಸೊಂಟದ ಎಲಾಸ್ಟಿಕ್ಕನ್ನು ಪೂರ್ತಿ ಎಳೆದು ಹಿಡಿದು ಸುತ್ತ ಗೆರೆ ಎಳೆದೆ. ಹೊಲಿಗೆಗೆಂದು ಸುತ್ತಲೂ ಅರ್ಧ ಇಂಚು, ಸೊಂಟದ ಮಡಿಕೆಗೆ ಒಂದೂವರೆ ಇಂಚು, ಕೆಳಗಿನ ಅಂಚಿಗೆ ಎರಡಿಂಚು ಹೆಚ್ಚು ಬಿಟ್ಟೆ. ಬಟ್ಟೆಯನ್ನು ಮಡಿಸಿ, ಕಾಗದದ ನೇರ ಬದಿಯನ್ನು ಮಡಿಕೆಗೆ ತಾಗಿಸಿ ಒಂದು ಕಾಲು ಕತ್ತರಿಸಿದೆ, ಹಾಗೆಯೇ ಇನ್ನೊಂದು.

ಮೊದಲು ಎರಡೂ ಕಾಲುಗಳ ಒಳಬದಿ ಹೊಲಿಯಬೇಕು. ಆಮೇಲೆ ಒಂದು ಕಾಲನ್ನು ಬಲಮಗ್ಗುಲಿಗೆ ತಿರುಗಿಸಿ ಇನ್ನೊಂದರೊಳಗೆ ತೂರಿಸಿ, ಎರಡೂ ಕೂಡುವ ಜಾಗಕ್ಕೆ ಜೋಡಿ ಹೊಲಿಗೆ ಹಾಕಬೇಕು. ಹೆಚ್ಚು ಎಳೆತ ಬೀಳುವುದು ಅಲ್ಲಿಯೇ. ಸೊಂಟದ ಸುತ್ತಳತೆಗಿಂತ ಎರಡಿಂಚು ಕಡಿಮೆಯಿರುವ ಅಗಲ ಎಲಾಸ್ಟಿಕ್ಕನ್ನು ಸೇಫ್ಟಿ ಪಿನ್ನಿನಿಂದ ತೂರಿಸಿದರೆ ಮುಗಿಯಿತು. ಮಕ್ಕಳೇ, ಕತ್ತರಿ ಮತ್ತು ಮಿಷನ್ ಹಿರಿಯರ ಕೈಯಲ್ಲಿರಲಿ. ಕಾಗದ, ಪಿನ್ನು ನಿಮ್ಮ ಪಾಲು. ಫ್ಲಾನೆಲ್ಲಿಗೆ ಬೇಗ ಬೆಂಕಿ ಹತ್ತುತ್ತದೆ, ದೀಪದ ಹತ್ತಿರ ಹೋಗಬೇಡಿ.

ಆ ರಾತ್ರಿ ಅವನು ಅದನ್ನು ಹಾಕಿಕೊಂಡು ಮಲಗಿದ. ಬೆಳಿಗ್ಗೆ ಬಿಚ್ಚು ಎಂದರೆ ಬಿಚ್ಚಲಿಲ್ಲ. ವಾರದ ನಂತರ ವೇದಿಕೆಯ ಮೇಲೆ ಕರಡಿ ಮೂರು ಲಾಗ ಹೊಡೆಯಿತು. ಒಂದು ಹೊಲಿಗೆಯೂ ಬಿಡಲಿಲ್ಲ.

ಈ ಚಳಿಗಾಲಕ್ಕೆ ಹುಡುಗ ಉದ್ದವಾಗಿದ್ದಾನೆ. ನಿನ್ನೆ ಕೆಳಗಿನ ಅಂಚಿನ ಎರಡಿಂಚು ಬಿಚ್ಚಿಕೊಟ್ಟೆ.